ತಾತನ ಕಾಲದ ಹುಲಿಯುಗುರು

ಕಳೆದ ಭಾನುವಾರ ಶ್ರೀರಂಗಪಟ್ಟಣದಲ್ಲಿ ನನಗೆ ಮಂಗಳಾರತಿ ಆಯಿತು. ದೇವಸ್ಥಾನದಲ್ಲಲ್ಲ, ಚಿನ್ನದ ಕೆಲಸದ ಅಂಗಡಿಯಲ್ಲಿ!

ಮಾಡಿದವರು ನಂಜುಂಡಾಚಾರ್. ನಮ್ಮ ಮನೆಗೆ ಮೂರು ತಲೆಮಾರಿನಿಂದ ತಾಳಿ ಮಾಡಿಕೊಟ್ಟ ಮನೆತನದ ಅಕ್ಕಸಾಲಿ. ತಪ್ಪು ನನ್ನದೇ. (ಅರ್ಧ ತಪ್ಪು ನನ್ನ ಹೆಂಡತಿಯದು. ಆದರೆ ಈ ಅಂಕಣವನ್ನು ಅವಳೂ ಓದುತ್ತಾಳೆ.)

ಆದದ್ದಿಷ್ಟು. ನನ್ನ ಮೊಮ್ಮಗನಿಗೆ ಇನ್ನು ಹದಿನೈದು ದಿನಕ್ಕೆ ನಾಮಕರಣ. ಮಗು ಬೆಚ್ಚಬಾರದು, ದೃಷ್ಟಿ ತಾಗಬಾರದು ಎಂದು ಕೊರಳಿಗೆ ಹುಲಿಯುಗುರು ಕಟ್ಟುವುದು ನಮ್ಮ ಕಡೆಯ ಅನೇಕ ಮನೆಗಳಲ್ಲಿ ರೂಢಿ. ಹೆಂಡತಿಯ ತವರಿನಿಂದ ಬಂದ ಒಂದು ಉಗುರು ನಮ್ಮ ಬೀರುವಿನಲ್ಲಿತ್ತು. ಅದರ ಚಿನ್ನದ ಟೋಪಿ ಮುರಿದಿತ್ತು. ನಶ್ಯದ ಡಬ್ಬಿಗೆ ಹಾಕಿಕೊಟ್ಟು, "ಆಚಾರ್ರ ಹತ್ರ ಸರಿ ಮಾಡಿಸ್ಕೊಂಡು ಬನ್ನಿ" ಎಂದಳು. ಪಾಂಡವಪುರದಿಂದ ಬಸ್ ಹತ್ತಿದೆ.

ಹುಲಿಯನ್ನು ಉಳಿಸಿ ಎಂದು ಇದೇ ಅಂಕಣದಲ್ಲಿ ಎರಡು ಸಲ ಬರೆದಿದ್ದೇನೆ. ನಿಮಗೆ ನೆನಪಿರಬಹುದು. ಬಸ್ಸಿನಲ್ಲಿ ಕೂತಿದ್ದ ನನಗೆ ಮಾತ್ರ ನೆನಪಾಗಲಿಲ್ಲ.

ನಂಜುಂಡಾಚಾರ್ ಡಬ್ಬಿ ತೆರೆದರು. ಉಗುರನ್ನು ಬೆಳಕಿಗೆ ಹಿಡಿದರು. ಮೂಸಿ ನೋಡಿದರು. ಡಬ್ಬಿ ಮುಚ್ಚಿ ನನ್ನ ಕಡೆಗೇ ತಳ್ಳಿದರು.

"ಅಸಲಿ ಮಾಲು. ನಾ ಮುಟ್ಟಕಿಲ್ಲ. ತಗಂಡೋಗಿ."

"ತಾತನ ಕಾಲದ್ದು ಆಚಾರ್ರೇ" ಎಂದೆ.

ಅಷ್ಟೇ. ಅರವತ್ತು ದಾಟಿದ, ದನಿ ಎತ್ತದ ಮನುಷ್ಯ ಒಲೆಯ ಮುಂದೆ ಕೂತಲ್ಲೇ ಕೆಂಪಾದರು.

"ತಾತನ ಕಾಲದ್ದು! ಇಲ್ಲಿಗೆ ಬರೋರೆಲ್ಲ ಇದ್ನೇ ಏಳ್ತರೆ. ಅಲ್ಲಾ ಸ್ವಾಮಿ, ಪೇಪರ್‌ನಲ್ಲಿ ಬರ್ಯೋರು ನೀವು. ನೀವೂ ಇಂಗಂದ್ರೆ ಎಂಗೆ?"

ಆಮೇಲೆ ಅವರೇ ಕಾಫಿ ತರಿಸಿದರು, ಅವರೇ ಕಥೆ ಹೇಳಿದರು. ನಾಲ್ಕು ವರ್ಷದ ಹಿಂದೆ ಒಬ್ಬ ಬಂದನಂತೆ. ಬಟ್ಟೆಗಂಟಿನಲ್ಲಿ ಎಂಟು ಉಗುರು. ತಾತನ ಕಾಲದ್ದು, ಮನೆ ಭಾಗವಾಯಿತು, ಎಲ್ಲ ಮಕ್ಕಳಿಗೂ ಒಂದೊಂದು ಕಟ್ಟಿಸಬೇಕು ಎಂದ. ಇವರು ನಂಬಿದರು. ಉಗುರು ಕಟ್ಟುವ ಮೊದಲು ಅಂಟುವಾಳದ ಬಿಸಿನೀರಿನಲ್ಲಿ ನೆನೆಹಾಕುವುದು ಇವರ ಮನೆತನದ ಕ್ರಮ. ನೆನೆಹಾಕಿ ಊಟಕ್ಕೆ ಹೋದರು. ಬಂದು ನೋಡಿದರೆ ಅಂಗಡಿಯ ಒಳಗೆ ಕಾಲಿಡಲಾಗದ ವಾಸನೆ. ಉಗುರಿನ ಬುಡದಲ್ಲಿದ್ದ ಮಾಂಸ ಬಿಟ್ಟುಕೊಂಡು ನೀರಿನಲ್ಲಿ ತೇಲುತ್ತಿತ್ತು.

"ತಾತನ ಕಾಲದ ಉಗುರು ನಾರ್ತದಾ ಸ್ವಾಮಿ?" ಎಂದರು. "ಅವತ್ತು ಗೊತ್ತಾಯ್ತು ನಂಗೆ. ನಾನು ಇಷ್ಟು ವರ್ಸ ಕಟ್ಟಿದ್ದು ಯಾವ ತಾತಂದೋ, ಯಾವತ್ತು ಸತ್ತಿದ್ದೋ ಶಿವನೇ ಬಲ್ಲ. ಗಂಟು ಕಟ್ಟಿ ಅವನ ಮಕಕ್ಕೆ ಎಸೆದೆ. ಪೋಲೀಸ್ಗೆ ಏಳ್ಬೇಕಾಗಿತ್ತು. ಏಳ್ಲಿಲ್ಲ. ಅದೇ ತಪ್ಪು ಇನ್ನೂ ಕುಟುಕ್ತಾ ಅದೆ."

ಅಂದಿನಿಂದ ಅವರು ಹುಲಿಯುಗುರು ಮುಟ್ಟಿಲ್ಲ. ಒಂದು ಗಿರಾಕಿ ಮುನಿಸಿಕೊಂಡರೆ ಉಗುರಷ್ಟೇ ಹೋಗುವುದಿಲ್ಲ, ತಾಳಿ, ಓಲೆ, ಕಾಲುಂಗುರ ಎಲ್ಲವೂ ಅದರ ಹಿಂದೆ ಹೋಗುತ್ತವೆ. ನಾಗಮಂಗಲ ಕಡೆಯ ಹಳೆಯ ಮನೆಗಳು ಒಂದೊಂದಾಗಿ ಮೈಸೂರಿನ ಶೋರೂಮು ಸೇರಿವೆ. ಉಳಿದಿರುವುದು ಶೀಳನೆರೆ ಕಡೆಯ ಮನೆಗಳು. ಅವೂ ಹೋದರೆ ಒಲೆ ಆರಿಸಿ ಮನೆಯಲ್ಲಿ ಕೂರಬೇಕು.

ಹೀಗೆ ಹೇಳುತ್ತಿರುವಾಗಲೇ ಶೀಳನೆರೆ ಬಾಗಿಲಿಗೆ ಬಂತು! ಬಿಳಿ ಅಂಬಾಸಿಡರ್. ಇಳಿದವರು ಒಬ್ಬ ಶಾಸಕರು. (ಕಣ್ಣರಳಿಸಬೇಡಿ. ನಮ್ಮ ಜಿಲ್ಲೆಯವರಲ್ಲ. ಅವರ ಹೆಂಡತಿಯ ತವರು ಶೀಳನೆರೆ, ಅಷ್ಟೇ.) ಜೊತೆಗೆ ಅವರ ಹೆಂಡತಿ, ಮದುವೆಯಾಗಲಿರುವ ಮಗಳು, ಮತ್ತು ಕೈಯಲ್ಲಿ ತಾಂಬೂಲದ ತಟ್ಟೆ ಹಿಡಿದ ಅತ್ತೆ ನಿಂಗಮ್ಮ.

ತಾಳಿಯ ಚಿನ್ನ ಮುಟ್ಟಿಸುವ ಶಾಸ್ತ್ರಕ್ಕೆ ಬಂದಿದ್ದರು. ಮನೆಯವರೆಲ್ಲ ಎದುರಿಗೆ ನಿಂತು ಅಕ್ಕಸಾಲಿಗೆ ತಾಂಬೂಲ ಕೊಡಬೇಕು. ಆಗ ಆತ ಏನು ಕೇಳಿದರೂ ಇಲ್ಲ ಅನ್ನಬಾರದು. ಕೇಳುವುದೇನು ಮಹಾ? ಒಂದು ಪಂಚೆ, ಇಲ್ಲವೇ ಒಂದು ಮೂಟೆ ಭತ್ತ. ಕೇಳಿದ್ದು ಒಪ್ಪಿದ ಮೇಲೆಯೇ ಚಿನ್ನ ಬೆಂಕಿಗೆ.

ಗಂಟೆ ನಾಲ್ಕಾಗಿತ್ತು. ಭಾನುವಾರ ನಾಲ್ಕೂವರೆಗೆ ರಾಹುಕಾಲ. ಶಾಸಕರು ಅವಸರದಲ್ಲಿದ್ದರು. ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿತ್ತು. ಕೊರಳಿನ ದಪ್ಪ ಸರದಲ್ಲಿ ನೇತಾಡುತ್ತಿದ್ದದ್ದು ಏನು ಹೇಳಿ? ಒಂದಲ್ಲ, ಎರಡು. ಎದುರುಬದುರಾಗಿ ಕಟ್ಟಿಸಿದ ಹುಲಿಯುಗುರು.

"ಕೇಳಿ ಆಚಾರ್ರೇ, ಪಂಚೆ ಮೈಸೂರು ರೇಷ್ಮೆದೇ ಕೊಡಿಸ್ತೀನಿ" ಎಂದರು ನಗುತ್ತಾ.

ನಂಜುಂಡಾಚಾರ್ ಮಣೆಯ ಕೆಳಗಿನಿಂದ ಎರಡು ಹಾಳೆ ತೆಗೆದರು. ತಾಲ್ಲೂಕು ಕಚೇರಿ ಮುಂದೆ ಟೈಪ್ ಮಾಡಿಸಿದ ಅರ್ಜಿ. ಮಡಿಕೆಗಳಲ್ಲಿ ಹರಿಯಲು ಬಂದಿತ್ತು.

"ಪಂಚೆ ಬ್ಯಾಡ ಬುದ್ಧಿ. ಇದ್ನ ತಗಳಿ. ಅಸೆಂಬ್ಲಿಲಿ ಎದ್ದು ನಿಂತ್ಕಂಡು ಒಂದ್ಸಲ ಓದಿ. ಅಷ್ಟೇ ನಂಗೆ ಬೇಕಾಗಿರೋದು."

ಆ ಅರ್ಜಿಯನ್ನು ನಾನೂ ಇಣುಕಿ ಓದಿದೆ. ನಾನು ಬರೆದ ಎರಡು ಅಂಕಣಗಳಿಗಿಂತ ಚೆನ್ನಾಗಿತ್ತು. (ಹೊಟ್ಟೆಕಿಚ್ಚಾಯಿತು, ಯಾಕೆ ಸುಳ್ಳು ಹೇಳಲಿ?) ಹುಲಿ ಕೊಲ್ಲುವವನಿಗೆ ಕಾನೂನು ಇದೆ. ಆದರೆ ಉಗುರು ಇಟ್ಟುಕೊಂಡವನು ತಾತನ ಕಾಲದ್ದು ಅಂದರೆ ಮುಂದೆ ಯಾರೂ ಕೇಳುವುದಿಲ್ಲ. ಆದ್ದರಿಂದ ಹಳೆಯದಿದ್ದವರೆಲ್ಲ ಒಂದು ಗಡುವಿನೊಳಗೆ ಅರಣ್ಯ ಇಲಾಖೆಗೆ ತಂದು ತೋರಿಸಿ ಗುರುತು ಹಾಕಿಸಿಕೊಳ್ಳಲಿ. ಗಡುವು ದಾಟಿದ ಮೇಲೆ ಗುರುತಿಲ್ಲದ ಉಗುರು ಸಿಕ್ಕರೆ ಕೊಂದವನ ಜೊತೆ ಕೊಂಡವನಿಗೂ ಜೈಲು. ಕೊನೆಯ ಸಾಲು ಓದಿ ನಾನು ಎರಡು ಸಲ ಕಣ್ಣುಜ್ಜಿಕೊಂಡೆ. 'ಅದನ್ನು ಕಟ್ಟಿಕೊಟ್ಟ ಅಕ್ಕಸಾಲಿಗೂ ಅಷ್ಟೇ ಶಿಕ್ಷೆಯಾಗಲಿ.'

ತನ್ನ ಕಸುಬಿನವರಿಗೂ ಶಿಕ್ಷೆಯಾಗಲಿ ಎಂದು ಅರ್ಜಿ ಬರೆದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಮೇಷ್ಟ್ರುಗಳಲ್ಲಿ? ಡಾಕ್ಟರುಗಳಲ್ಲಿ? ಪತ್ರಕರ್ತರಲ್ಲಿ? ನಾನಂತೂ ಕಂಡಿಲ್ಲ.

ಶಾಸಕರು ನಕ್ಕರು. "ಇದೆಲ್ಲ ಸೆಂಟ್ರಲ್ ಸಬ್ಜೆಕ್ಟು ಆಚಾರ್ರೇ. ಡೆಲ್ಲಿಯವರು ಮಾಡಬೇಕು."

"ಡೆಲ್ಲಿ ನಂಗೊತ್ತಿಲ್ಲ ಬುದ್ಧಿ. ನೀವೆಲ್ಲ ಸೇರಿ ಕೂಗಿದ್ರೆ ಡೆಲ್ಲಿಗೆ ಕೇಳಕಿಲ್ವಾ?"

"ನೋಡೋಣ. ಈಗ ಕೆಲಸ ಶುರು ಮಾಡಿ."

"ಮಾತು ಕೊಡಿ, ಶುರು ಮಾಡ್ತೀನಿ."

ಶಾಸಕರ ನಗು ಹೋಯಿತು. "ಮೈಸೂರಲ್ಲಿ ನಾಳೆನೇ ಮಾಡಿಸ್ಕೋತೀನಿ" ಎಂದರು. ಸುಮ್ಮನೆ ಹೆದರಿಸಿದ್ದಲ್ಲ. ಈ ಮನೆಯ ತಾಳಿ ಕೈತಪ್ಪಿದರೆ ಶೀಳನೆರೆಯ ಉಳಿದ ಮನೆಗಳೂ ಅದರ ಹಿಂದೆಯೇ ಹೋಗುತ್ತವೆ. ಇದು ನನಗೆ ಗೊತ್ತು, ಶಾಸಕರಿಗೆ ಗೊತ್ತು, ನಂಜುಂಡಾಚಾರ್‌ಗೆ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತು. ಆದರೂ ಅವರು ಅರ್ಜಿ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ.

"ಅಷ್ಟಕ್ಕೂ ನನ್ನನ್ನ ಹಂಗ್ಯಾಕೆ ನೋಡ್ತೀರಿ?" ಶಾಸಕರು ಕೊರಳಿನ ಸರ ಮುಟ್ಟಿಕೊಂಡರು. "ಇದು ಹಳೇದು. ನಮ್ಮ ಮಾವನವರ ಕಾಲದ್ದು."

ತಟ್ಟೆ ಹಿಡಿದು ನಿಂತಿದ್ದ ನಿಂಗಮ್ಮ ಅಳಿಯನ ಮಾತು ಕೇಳಿ ತಲೆ ಎತ್ತಿದರು.

"ಯಾರ್ದು? ನಮ್ಮೆಜಮಾನ್ರುದಾ? ಅಯ್ಯೋ, ಎಲ್ಲಿ ತಂದ್ರಿ ಅಳಿಯಂದ್ರೆ ಈ ಮಾತ? ನಮ್ಮನೆಯೋರು ನರೀನ ಕಂಡ್ರೆ ಕದ ಮುಚ್ಚೋರು! ಕೊಳ್ಳಲ್ಲಿ ಕರೀದಾರ ಬುಟ್ರೆ ಏನೂ ಇರ್ಲಿಲ್ಲ."

ಮದುಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದತೊಡಗಿದೆ.

"ಈವತ್ತು ಅಕ್ಕಸಾಲಿ ಬಾಯಿಬಿಟ್ಟು ಕೇಳಿದ್ದ ಇಲ್ಲ ಅಂದ್ರೆ ತಾಳಿಗೆ ಒಳ್ಳೇದಲ್ಲ" ಎಂದರು ನಿಂಗಮ್ಮ. "ನನ್ ಮೊಮ್ಮಗಳ ತಾಳಿ ಈ ಮನೇಲೇ ಆಗ್ಬೇಕು. ಅವ್ರೇನು ನಿಮ್ಮ ಸೀಟು ಕೇಳಿದ್ರಾ? ಒಂದು ಮಾತು ಕೇಳವ್ರೆ. ಕೊಟ್ಬುಡಿ. ರಾಹುಕಾಲ ಬತ್ತಾ ಅದೆ."

ನಾಲ್ಕು ಇಪ್ಪತ್ತಕ್ಕೆ ಶಾಸಕರು ಅರ್ಜಿ ತೆಗೆದುಕೊಂಡರು. ಮುಂದಿನ ಅಧಿವೇಶನದಲ್ಲಿ ಓದುತ್ತೇನೆ ಎಂದು ಒಲೆಯ ಎದುರು ಮಾತು ಕೊಟ್ಟರು. ನಂಜುಂಡಾಚಾರ್ ಎರಡೂ ಕೈಯಲ್ಲಿ ತಾಂಬೂಲ ಇಸಿದುಕೊಂಡರು, ಕಣ್ಣಿಗೆ ಒತ್ತಿಕೊಂಡರು, ಚಿನ್ನವನ್ನು ಬೆಂಕಿಗೆ ಇಟ್ಟರು. ಊದುಗೊಳವೆ ಹಿಡಿದು ಊದತೊಡಗಿದರು.

ಕಾರು ಹೋದ ಮೇಲೆ ಕೇಳಿದೆ, "ಅವರು ಎದ್ದು ಹೋಗಿದ್ದರೆ ಏನು ಮಾಡ್ತಿದ್ರಿ?"

"ಓಗ್ಲಿ ಅಂತಿದ್ದೆ. ಆಮೇಲೆ ಒಳಕ್ಕೋಗಿ ಅಳ್ತಿದ್ದೆ" ಎಂದರು. ಎಷ್ಟು ಸಲೀಸಾಗಿ ಹೇಳಿದರು ನೋಡಿ! ಧೈರ್ಯವಂತರು ಎಂದು ನಾವು ಹಾರ ಹಾಕುವ ಎಷ್ಟು ಜನ ಹೀಗೆ ಹೇಳಿಯಾರು? ಅವರ ಕಾಲಿಗೆ ಬೀಳಬೇಕೆನಿಸಿತು. ನಾಚಿಕೆಯಾಗಿ ಬೀಳಲಿಲ್ಲ. ಆ ಲೋಪವನ್ನು ಇಲ್ಲಿ ಸರಿಮಾಡುತ್ತಿದ್ದೇನೆ.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. "ನಿಜ ಹೇಳು, ಈ ಉಗುರು ಯಾರದು?"

"ನಮ್ಮ ತಾತಂದು ಅಂತ ಅಪ್ಪ ಹೇಳ್ತಿದ್ರು."

"ತಾತ ಏನು ಹೇಳ್ತಿದ್ರು?"

"ಅವರ ತಾತಂದು ಅಂತ" ಎಂದಳು.

ಸೋಮವಾರ ನಶ್ಯದ ಡಬ್ಬಿಯನ್ನು ಅರಣ್ಯ ಇಲಾಖೆಯವರಿಗೆ ಒಪ್ಪಿಸಿ ಬಂದೆ. ನಾಮಕರಣಕ್ಕೆ ಮೊಮ್ಮಗನ ಕೊರಳಿಗೆ ಕರೀದಾರ. ಅವನು ಬೆಚ್ಚಿದರೆ ಎತ್ತಿಕೊಳ್ಳಲು ನಾವಿದ್ದೇವೆ. ಕಾಡಿನಲ್ಲಿರುವ ಮರಿಗಳಿಗೆ ಕಾನೂನು ಬಿಟ್ಟರೆ ಇನ್ನಾರಿದ್ದಾರೆ?

ಅಂದಹಾಗೆ, ಮಾತು ಕೊಟ್ಟು ಕಾರು ಹತ್ತುವ ಮೊದಲು ಶಾಸಕರು ಅಂಗಿಯ ಎರಡೂ ಗುಂಡಿ ಹಾಕಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಅಧಿವೇಶನ ಹತ್ತಿರ ಬರುತ್ತಿದೆ. ಅರ್ಜಿ ಓದುವವರಿಗೂ, ಕೇಳಿ ಮೇಜು ಕುಟ್ಟುವವರಿಗೂ ನನ್ನದು ಒಂದೇ ಪ್ರಶ್ನೆ.

ಸ್ವಾಮಿ, ಕೈ ಎತ್ತುವ ಮೊದಲು ಆ ಮೇಲಿನ ಎರಡು ಗುಂಡಿ ಒಂದು ಸಲ ಬಿಚ್ಚಿ ತೋರಿಸುತ್ತೀರಾ?