ಸೆಂಟರ್ ಸ್ಪೀಕರ್ ಯಾರ ಪಾಲು?

"ನನಗ ಮೋಸ ಮಾಡ್ಯಾರ. ಅವರಿಗೆಲ್ಲ ಎರಡೆರಡು, ನನಗ ಒಂದ. ಅದೂ ಮೂಕ. ನೀ ಈಗಿಂದೀಗ ಬಾ."

ಕುರುಗೋಡಿನಿಂದ ಅಕ್ಕನ ಫೋನು. ಭಾನುವಾರ ಬೆಳಿಗ್ಗೆ, ಮಿರ್ಚಿ ಬಜ್ಜಿ ಬಾಯಿಗಿಡುವ ಹೊತ್ತು. ಆಸ್ತಿ ಪಾಲಾಯಿತೇನೋ ಅಂದುಕೊಂಡೆ. ಕೇಳಿದರೆ, ಹೋಂ ಥಿಯೇಟರಿನ ಸ್ಪೀಕರ್ರು!

ನಾನು ಬಳ್ಳಾರಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳುತ್ತೇನೆ. ಅದೊಂದೇ ತಪ್ಪಿಗೆ ನೆಂಟರ ಮನೆಯ ಮಷೀನುಗಳೆಲ್ಲ ನನ್ನ ತಲೆಗೆ.

ಅಕ್ಕನ ಮನೆಯ ಪದ್ಧತಿ ನಿಮಗೆ ಹೇಳಲೇಬೇಕು. ಮೂವರು ಅಣ್ಣತಮ್ಮಂದಿರು, ಒಂದೇ ಮನೆ. ಅದಿರು ಸಾಗಿಸುವ ಲಾರಿಗಳಿಂದ ದುಡ್ಡು ಬಂತು, ದುಡ್ಡಿನ ಹಿಂದೆ ಸಾಮಾನು ಬಂತು. ಏನೇ ಬಂದರೂ ಸಮ ಪಾಲು. ಫ್ರಿಜ್ ಮೂರು. ಮಿಕ್ಸಿ ಮೂರು. (ಅಡುಗೆಮನೆ ಒಂದೇ ಇರುವಾಗ ಮಿಕ್ಸಿ ಮೂರು ಯಾಕೆ ಎಂದು ನಾನೂ ಕೇಳಿಲ್ಲ, ನೀವೂ ಕೇಳಬೇಡಿ.)

ಈ ಸಲ ಬಂದದ್ದು ಒಂದೇ ಸೆಟ್. ಸದ್ದು ಹಂಚುವ ಒಂದು ರಿಸೀವರ್, ಐದು ಸ್ಪೀಕರ್, ಗುಡುಗಲಿಕ್ಕೆ ಒಂದು ದಪ್ಪ ಡಬ್ಬಿ. ಬಿಟ್ಟಾರೆಯೇ? ಅದನ್ನೂ ಹಂಚಿದರು! ಟಿವಿ, ರಿಸೀವರ್, ಮುಂದಿನ ಎರಡು ಸ್ಪೀಕರ್ ಹಿರಿಯರಾದ ಬಸಣ್ಣನವರ ಹಾಲ್‌ನಲ್ಲಿ. ಹಿಂದಿನ ಎರಡು ನಡುವಿನ ವೀರಣ್ಣನವರ ರೂಮಿಗೆ. ಉಳಿದ ಒಂದೇ ಒಂದು ಕಿರಿಯ ಸೊಸೆಯಾದ ನಮ್ಮಕ್ಕನ ರೂಮಿಗೆ. ದಪ್ಪ ಡಬ್ಬಿ ಅತ್ತೆಯ ಮಂಚದ ಕೆಳಗೆ. ಎಲೆಕ್ಟ್ರಿಷಿಯನ್ ಗೋಡೆ ಕೊರೆದು ವೈರು ಎಳೆದುಕೊಟ್ಟು ಹೋಗಿದ್ದಾನೆ. ಇವೆಲ್ಲ ಒಂದೇ ಕಡೆ ಇರಬೇಕೆಂದು ಅವನಾದರೂ ಹೇಳಬಾರದಿತ್ತೇ?

ಹೋಗಿ ನೋಡಿದೆ. ಡಿವಿಡಿ ಪ್ಲೇಯರ್‌ನಿಂದ ರಿಸೀವರಿಗೆ ಬರೀ ಕೆಂಪು-ಬಿಳಿ ವೈರು ಚುಚ್ಚಿದ್ದರು. ಅದರಲ್ಲಿ ಹಾದುಹೋಗುವುದು ಎರಡೇ ಸದ್ದು, ಎಡ ಮತ್ತು ಬಲ. ಡಿಸ್ಕ್‌ನಲ್ಲಿ ಆರು ಸದ್ದು ಬೇರೆ ಬೇರೆಯಾಗಿ ತುಂಬಿಟ್ಟಿದ್ದರೂ ರಿಸೀವರಿಗೆ ತಲುಪಬೇಕಲ್ಲ? ಅಕ್ಕನ ಸ್ಪೀಕರಿನಲ್ಲಿ ಯಾವ ದೋಷವೂ ಇರಲಿಲ್ಲ; ವೀರಣ್ಣನವರ ಎರಡೂ ಹಾಗೇ ಮೂಕವಾಗಿದ್ದವು. ಯಾವುದಕ್ಕೂ ಇರಲಿ ಎಂದು ಬಳ್ಳಾರಿಯ ಕೌಲ್ ಬಜಾರಿನಿಂದ ತಂದಿದ್ದ ಡಿಜಿಟಲ್ ಕೇಬಲ್ ಸಿಕ್ಕಿಸಿದೆ. ರಿಸೀವರಿನ ಮುಖದ ಮೇಲೆ 5.1 ಎಂದು ಬಂತು, ಅಂದರೆ ಆರೂ ಸದ್ದು ತಲುಪಿದವು. ಗೆದ್ದೆ ಅಂದುಕೊಂಡೆ.

ಸಿನಿಮಾ ಹಚ್ಚಿದರು. ಹಾಲ್‌ನಲ್ಲಿ ಜೀಪಿನ ಸದ್ದಿದೆ, ಪಿಟೀಲು ಇದೆ, ಹೀರೋ ಬಾಯಿ ಆಡಿಸುತ್ತಿದ್ದಾನೆ, ಮಾತೇ ಇಲ್ಲ! ವೀರಣ್ಣನವರ ರೂಮಿನಲ್ಲಿ ಬರೀ ಗಾಳಿ, ಆಗೊಮ್ಮೆ ಈಗೊಮ್ಮೆ ಕಾಗೆ. "ಮಂಚದ ಬುಡಕ ನೆಲ ನಡಗಾಕತ್ತೇತಿ" ಎಂದು ಅತ್ತೆ ಎದ್ದು ಹೊರಗೆ ಬಂದರು. ಅಕ್ಕನ ರೂಮಿನಿಂದ ಮಾತ್ರ ಒಂದಕ್ಷರ ಬಿಡದೆ ಪೂರ್ತಿ ಡೈಲಾಗ್.

ಮೇಷ್ಟ್ರಲ್ಲವೇ, ಪಾಠ ಶುರು ಮಾಡಿದೆ. ಇಂಥ ಡಿಸ್ಕ್‌ನಲ್ಲಿ ಮಾತನ್ನೆಲ್ಲ ನಡುವಿನ ಸೆಂಟರ್ ಸ್ಪೀಕರಿಗೆ (ಅದೇ ಅಕ್ಕನ ಪಾಲು) ಕೊಟ್ಟಿರುತ್ತಾರೆ, ಅದು ಟಿವಿಯ ಕೆಳಗೇ ಇರಬೇಕು, ಐದೂ ಒಂದೇ ಕಡೆ ಇಟ್ಟು ಮನೆಮಂದಿಯೆಲ್ಲ ಮಧ್ಯದಲ್ಲಿ ಕೂರಬೇಕು ಎಂದೆಲ್ಲ.

"ಹಂಗಾದ್ರ ಅದನ್ನ ಇಲ್ಲಿ ತರ್ರಿ" ಎಂದರು ಬಸಣ್ಣ. "ಬದ್ಲಿಗೆ ವೀರಣ್ಣನ ಎರಡೂ ಆಕಿಗೆ ಕೊಡೋಣು." ವೀರಣ್ಣ ತಕ್ಷಣ ಒಪ್ಪಿದರು. (ಕಾಗೆ ಯಾರಿಗೆ ಬೇಕು?)

ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ನಾ ಕೊಡಾಂಗಿಲ್ಲ. ಈ ಮನಿಗೆ ಬಂದು ಹನ್ನೆರಡು ವರ್ಷ ಆತು. ಒಂದು ಮಾತರ ನನ್ನ ತನಕ ಬಂದೈತೇನು? ಲಾರಿ ತರುವಾಗ ಕೇಳಿದ್ರಾ? ನನ್ನ ಮಗಳನ್ನ ಹಾಸ್ಟೆಲ್ಲಿಗೆ ಹಾಕುವಾಗ ಕೇಳಿದ್ರಾ? ಪಾಲು ಮಾಡಿದವರು ನೀವ. ನನ್ನ ಪಾಲು ನನ್ನ ಹತ್ರ ಇರ್ಲಿ."

ಭಾವ, ಅಂದರೆ ಅಕ್ಕನ ಗಂಡ, ತಮ್ಮ ಕಾಲ ಉಗುರು ನೋಡುತ್ತ ಕೂತಿದ್ದರು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಒಂದು ಸಿನಿಮಾ ನೋಡಲು ಇಷ್ಟು ರಾದ್ಧಾಂತವೇ?

ಬಸಣ್ಣ ಸೆಟ್ಟಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ನನ್ನ ಕೈಗಿಟ್ಟರು. "ತಮ್ಮಾ, ಬ್ಯಾರೆ ಏನಾರ ದಾರಿ ಐತೇನು ನೋಡು."

ಇತ್ತು, ದುರದೃಷ್ಟಕ್ಕೆ. ಯಾವ ಸ್ಪೀಕರ್ ಇದೆ, ಯಾವುದು ಇಲ್ಲ ಎಂದು ರಿಸೀವರಿಗೆ ಮೊದಲೇ ತಿಳಿಸುವ ಒಂದು ಸೆಟಪ್ ಇರುತ್ತದೆ. ಸೆಂಟರ್ ಸ್ಪೀಕರಿನ ಮುಂದೆ "ಇಲ್ಲ" ಎಂದು ಆರಿಸಿದರೆ ಸಾಕು, ಅದರ ಮಾತನ್ನೆಲ್ಲ ಮಷೀನು ಮುಂದಿನ ಎರಡಕ್ಕೆ ಹಂಚಿಬಿಡುತ್ತದೆ. ಆರಿಸಿದೆ. ಜಾಣತನ ತೋರಿಸಬೇಕಿತ್ತಲ್ಲ! ಅಕ್ಕ ಕರೆದಳೆಂದು ಬಂದವನು ನಾನು ಎಂಬುದೇ ಆ ಹೊತ್ತಿಗೆ ಮರೆತುಹೋಗಿತ್ತು.

ಹಾಲ್‌ನಲ್ಲಿ ಹೀರೋ ಮಾತಾಡತೊಡಗಿದ. ಬಸಣ್ಣ ನನ್ನ ಬೆನ್ನು ತಟ್ಟಿದರು. ಎಲ್ಲರಿಗೂ ಸಮಾಧಾನ. ಯಾರ ಪಾಲನ್ನೂ ಯಾರೂ ಮುಟ್ಟಲಿಲ್ಲ ನೋಡಿ.

ಸ್ವಲ್ಪ ಹೊತ್ತಿಗೆ ಅಕ್ಕ ಬಾಗಿಲಿಗೆ ಬಂದಳು. ಸ್ಪೀಕರನ್ನು ಎದೆಗವಚಿಕೊಂಡಿದ್ದಳು, ಹಿಂದೆ ವೈರು ಎಳೆದುಕೊಂಡು ಬಂದಿತ್ತು. ಸೆರಗಿನಿಂದ ಅದರ ಮುಖ ಒರೆಸುತ್ತ ಕೇಳಿದಳು: "ಲೇ, ಈಗರ ಚಲೋ ಮಾತಾಡ್ತಿತ್ತು. ಕೆಟ್ಟೋತೇನು, ನೋಡು."

ಕೆಟ್ಟಿಲ್ಲ ಅಕ್ಕ, ಅದು ಇಲ್ಲವೇ ಇಲ್ಲ ಎಂದು ಮಷೀನಿಗೆ ಹೇಳಿದವನು ನಾನೇ ಎಂದು ಯಾವ ಬಾಯಿಂದ ಹೇಳಲಿ?