ಎಣ್ಣೆ ಬೆಂಕಿಯ ಸಿಲಿಂಡರ್

ಮೊನ್ನೆ ಹರಪನಹಳ್ಳಿಯ ಪೆಟ್ರೋಲ್ ಬಂಕಿನಲ್ಲಿ ಒಬ್ಬ ಉಸುಕಿನ ಬಕೆಟುಗಳಿಗೆ ಕೆಂಪು ಬಣ್ಣ ಬಳಿಯುತ್ತಿದ್ದ. ಆ ಹಸಿ ಎನಾಮಲ್ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಎಣ್ಣೆ ಮಿಲ್ಲಿನ ಮಿಸ್ತ್ರಿ ಕಣ್ಣ ಮುಂದೆ ಬಂದು ನಿಂತ. ನಲವತ್ತು ವರ್ಷದ ಮೇಲೂ ಆ ಮನುಷ್ಯನನ್ನು ನೆನೆದರೆ ನನಗೆ ಮೊದಲು ಬರುವುದು ಸಿಟ್ಟೇ.

ಎಪ್ಪತ್ತರ ದಶಕ ಮುಗಿಯುವ ಹೊತ್ತು. ಕೊಟ್ಟೂರಿನ ಶೇಂಗಾ ಎಣ್ಣೆ ಮಿಲ್ಲೊಂದರಲ್ಲಿ ನಾನು ಸ್ಟೋರ್ ಗುಮಾಸ್ತ. ಗಾಣದಿಂದ ಮೋಟಾರಿನವರೆಗೆ ಎಲ್ಲ ರಿಪೇರಿಯೂ ಮಿಸ್ತ್ರಿಯದು. ಕಾಲೇಜು ಓದಿದವನೆಂಬ ಹಮ್ಮು ನನಗಿತ್ತು, ಒಪ್ಪುತ್ತೇನೆ. ಅವನಿಗೋ ನಾಲಿಗೆಯ ಮೇಲೆ ಹಿಡಿತವೇ ಇರಲಿಲ್ಲ. ಹಮಾಲರು, ಶೇಂಗಾ ಆರಿಸುವ ಹೆಂಗಸರು ಎಲ್ಲರ ಮುಂದೆ “ಏನ್ಲೇ ಸ್ಟೋರು” ಎಂದು ಕೂಗುತ್ತಿದ್ದ. ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನನ್ನ ಮೈಯೆಲ್ಲ ಉರಿಯುತ್ತಿತ್ತು.

ಮಿಲ್ಲಿನಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಎರಡಿದ್ದವು. ಒಂದೇ ಎತ್ತರ, ಒಂದೇ ಕೆಂಪು. ಗೋಣಿಚೀಲದ ಗೋದಾಮಿನಲ್ಲಿದ್ದುದರಲ್ಲಿ ಸೋಡಾ ನೀರು, ಎಣ್ಣೆ ಕಾಯಿಸುವ ಕೋಣೆಯಲ್ಲಿದ್ದುದರಲ್ಲಿ ನೊರೆ. ಎರಡೂ ತಲೆಕೆಳಗು ಮಾಡಿದರೆ ಚಿಮ್ಮುವಂಥವು. ಇಂಗ್ಲಿಷ್ ಚೀಟಿ ಹಮಾಲರಿಗೆ ಓದಲು ಬಾರದೆಂದು ಮಿಸ್ತ್ರಿಯೇ ಬಿಳಿ ಬಣ್ಣದಲ್ಲಿ ಒಂದರ ಮೇಲೆ ‘ಚೀಲ’, ಇನ್ನೊಂದರ ಮೇಲೆ ‘ಎಣ್ಣಿ’ ಎಂದು ದಪ್ಪಗೆ ಬರೆದಿದ್ದ. ಸೋಮವಾರಕ್ಕೊಮ್ಮೆ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಪಾಠ ಬೇರೆ.

“ಬೆಂಕಿ ಎಲ್ಲಾ ಒಂದ ಅಲ್ಲ. ಚೀಲ, ಕಟಿಗಿ, ಹೊಟ್ಟು ಹತ್ತಿದ್ರ ನೀರಿಂದು ಹಿಡೀರಿ. ಎಣ್ಣಿ ಹತ್ತಿದ್ರ ನೊರೀನ ಬೇಕು, ಕಂಬಳಿ ಹೊಚ್ಚಿದಂಗ ಮುಚ್ಚತೈತಿ. ಮೋಟರ್ ಹತ್ತಿದ್ರ ಎರಡೂ ಮುಟ್ಟಬ್ಯಾಡ್ರಿ, ಕರೆಂಟ್ ಹೊಡೀತೈತಿ. ಮೇನ್ ಇಳಿಸಿ ಒಣಾ ಉಸುಕು ಚೆಲ್ರಿ.” ಆಮೇಲೆ ನನ್ನ ಕಡೆ ತಿರುಗುತ್ತಿದ್ದ. “ಕಾದ ಎಣ್ಣ್ಯಾಗ ನೀರ ಬಿದ್ರ ಏನಾಕ್ಕೈತಿ, ನಿಮ್ಮವ್ವನ್ನ ಕೇಳಲೇ ಸ್ಟೋರು.”

ಆ ವರ್ಷ ಆಯುಧಪೂಜೆಗೆ ಬಣ್ಣ ಬಳಿಸುವ ಕೆಲಸ ನನ್ನ ಪಾಲಿಗೆ ಬಂತು. ತಕ್ಕಡಿ, ಸ್ಪ್ಯಾನರುಗಳ ಸಾಲಿನಲ್ಲೇ ಸಿಲಿಂಡರುಗಳನ್ನೂ ಇಳಿಸಿಟ್ಟು, ಅಡಿಯಿಂದ ಮುಡಿವರೆಗೆ, ಚೀಟಿಯ ಮೇಲೂ ಕೆಂಪು ಬಳಿಸಿ, ವಿಭೂತಿ ಹಚ್ಚಿ ಚೆಂಡುಹೂ ಏರಿಸಿದೆ. ಬೇಕಂತಲೇ ಅವನ ಅಕ್ಷರ ಅಳಿಸಿದೆನೇ... ಇಲ್ಲ ಎನ್ನಲು ಮನಸ್ಸಾಗುತ್ತದೆ. ಆದರೆ ಅವು ಮುಚ್ಚಿಹೋಗುವುದನ್ನು ನೋಡಿ ಖುಷಿಪಟ್ಟದ್ದು ನಿಜ.

ಮಿಸ್ತ್ರಿ ಬಂದು ಕೆಂಡವಾದ. “ತಲಿ ಐತೇನ್ಲೇ ನಿನಗ? ಬಿಳಿ ಬಣ್ಣ ಕೊಡು, ಈಗ ಬರೀತೀನಿ.”

“ಪೂಜಿಗೆ ಇಟ್ಟಿದ್ದು ಮುಟ್ಟಂಗಿಲ್ಲ. ನಾಳೆ ಬಾ,” ಎಂದು ಸ್ಟೋರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡೆ. ಅವನು ಮುಸಲ್ಮಾನ. ಪೂಜೆಯ ಮಾತು ಬಂದರೆ ಎದುರಾಡಲಾರ. ಅದು ಗೊತ್ತಿದ್ದೇ ಹಾಗೆ ಹೇಳಿದೆ.

ಮರುದಿನ ಬೆಳಿಗ್ಗೆ, ಅವನಾಗಲಿ ಬೇರೆ ಯಾರಾಗಲಿ ಬರುವ ಮೊದಲೇ, ಯಾವುದು ಯಾವುದೆಂದು ಕೇಳದೆ ಎರಡನ್ನೂ ನಾನೇ ಗೋಡೆಗೆ ತೂಗುಹಾಕಿದೆ. ಬಣ್ಣ ಕೇಳಲು ಬಂದವನಿಗೆ “ಉಂಡು ಬಂದು ಕೊಡ್ತೀನಿ” ಎಂದು ಎದ್ದು ಹೋದೆ. ಉಂಡು ಬರುವಷ್ಟರಲ್ಲಿ ಎಣ್ಣೆಯ ಕಡಾಯಿ ಹತ್ತಿಕೊಂಡಿತ್ತು. ನಾನು ಬಾಗಿಲಿಗೆ ಬರುವುದಕ್ಕೂ ಮಿಸ್ತ್ರಿ ಆ ಕೋಣೆಯ ಸಿಲಿಂಡರ್ ಕಿತ್ತು ತಲೆಕೆಳಗು ಮಾಡುವುದಕ್ಕೂ ಸರಿಹೋಯಿತು. ನೊರೆಯಲ್ಲ, ನೀರು ಬಂತು. ಬೆಂಕಿ ಧಗ್ಗನೆ ಸೂರಿಗೇರಿತು. ಕುದಿವ ಎಣ್ಣೆ ಅವನ ಎರಡೂ ಕೈಗಳ ಮೇಲೆ ಸಿಡಿಯಿತು.

“ಗೋದಾಮಿಂದು ತರ್ರಿ! ಗೋದಾಮಿಂದು...”

ಹಮಾಲನೊಬ್ಬ ತಂದ. ನೊರೆ ಬಿತ್ತು, ಬೆಂಕಿ ಆರಿತು. ಮಿಲ್ಲು ಉಳಿಯಿತು.

ಸಂಜೆ ಆಸ್ಪತ್ರೆಯಲ್ಲಿ ಮಾಲೀಕರು ಮಂಚದ ಪಕ್ಕ ನಿಂತು ಕೇಳಿದರು, “ಅದಲು ಬದಲು ಹಾಕಿದ್ದು ಯಾರು?” ನಾನು ಅವರ ಬೆನ್ನ ಹಿಂದೆಯೇ ಇದ್ದೆ. ನೌಕರಿ ಹೋಯಿತು ಎಂದುಕೊಂಡೆ. ಮಿಸ್ತ್ರಿ ನನ್ನನ್ನೇ ನೋಡುತ್ತ, “ನನಗ ಗೊತ್ತಿಲ್ರಿ ಧಣಿ” ಎಂದ.

ಅವರು ಹೊರಗೆ ಹೋದ ಮೇಲೆ ಹತ್ತಿರ ಕರೆದ. “ಹೇಳಿದ್ರ ನಿನ್ನ ಕೆಲಸ ಹೊಕ್ಕೈತಿ, ಅಲ್ಲಿಗೆ ಮುಗೀತೈತಿ. ಅಷ್ಟು ಸಸ್ತಾದಾಗ ಬಿಡಂಗಿಲ್ಲ ನಿನ್ನ. ನಡಿ ಆಚಿಗೆ.”

ಅವನ ಬೆರಳುಗಳು ಮತ್ತೆ ಮಡಚಲಿಲ್ಲ. ಸ್ಪ್ಯಾನರ್ ಹಿಡಿಯಲಾಗದ ಮಿಸ್ತ್ರಿಗೆ ಮಿಲ್ಲಿನಲ್ಲಿ ಏನು ಕೆಲಸ? ಹಗರಿಬೊಮ್ಮನಹಳ್ಳಿಯಲ್ಲಿ ಭಾವಮೈದುನನ ಸೈಕಲ್ ಅಂಗಡಿ ಸೇರಿದ. ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ಕಂಡಿದ್ದೇನೆ, ಕೈ ತೊಡೆಯ ಮೇಲಿಟ್ಟುಕೊಂಡು ಬಾಯಲ್ಲೇ ಯಾರಿಗೋ ರಿಪೇರಿ ಹೇಳುತ್ತ, ಬೈಯುತ್ತ... ಒಮ್ಮೆಯೂ ಇಳಿಯಲಿಲ್ಲ. ನಾನು ನಿವೃತ್ತಿಯಾಗುವವರೆಗೂ ಅದೇ ಮಿಲ್ಲಿನಲ್ಲಿ ದುಡಿದೆ, ಅವನು ಉಳಿಸಿಕೊಟ್ಟ ಕುರ್ಚಿಯಲ್ಲಿ. ಅದಕ್ಕೇ ಅವನನ್ನು ಕಂಡರೆ ನನಗಾಗುತ್ತಿರಲಿಲ್ಲ. ಅಂದೇ ಹೇಳಿಬಿಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಹೋದ ರಂಜಾನಿನ ಹೊತ್ತಿಗೆ ಅವನು ತೀರಿಕೊಂಡನಂತೆ. ನಾನು ಮಾಡಿದ್ದು ಗೊತ್ತಿದ್ದವನು ಅವನೊಬ್ಬನೇ.

ಬಂಕಿನವನು ಬಕೆಟು ಮುಗಿಸಿ ಗೋಡೆಯ ಸಿಲಿಂಡರಿಗೆ ಕುಂಚ ಎತ್ತಿದ. “ಅಕ್ಷರದ ಮ್ಯಾಲ ಬಳೀಬ್ಯಾಡಪ್ಪ,” ಎಂದೆ. ಕೂಗಿಯೇ ಬಿಟ್ಟೆನೇನೋ, ಅವನು ತಿರುಗಿ ನನ್ನ ಮುಖ ನೋಡಿದ.

“ಈಗಿನವು ಪೌಡರಿನವ್ರಿ, ಎಲ್ಲಾ ಬೆಂಕಿಗೂ ನಡೀತಾವ. ಯಾಕ್ರಿ, ಏನಾಗಿತ್ರಿ?”

“ನನಗ ಗೊತ್ತಿಲ್ಲ,” ಎಂದೆ.