ಮಖಮಲ್‌ನ ಬಾಲ, ನಜೀರಸಾಬರ ಜಳಕ

ಬೆಟಗೇರಿಯಲ್ಲಿ ನಜೀರಸಾಬರು ಅಂದರೆ ಜಂಪರ್ ಹೊಲಿಯುವ ನಜೀರಸಾಬರು. ಒಮ್ಮೆ ತೆಗೆದ ಅಳತೆ ಮತ್ತೆ ಕೇಳುವವರಲ್ಲ. ಹೇಳಿದ ದಿನಕ್ಕೆ ಬಟ್ಟೆ ಕೊಡುವವರೂ ಅಲ್ಲ. ಊರ ಹೆಣ್ಣುಮಕ್ಕಳ ಬೈಗುಳಕ್ಕೆ ಜಗ್ಗದ ಈ ಮನುಷ್ಯ ಮನೆಯಲ್ಲಿ ಹೆದರುತ್ತಿದ್ದುದು ಒಂದಕ್ಕೇ: ಹೆಂಡತಿ ರಮಜಾನಬಿಯ ನೀರಿನ ಡ್ರಮ್ಮಿಗೆ.

ಗದಗ ಜಿಲ್ಲೆಯಾದ ಮೇಲೆ ದೊಡ್ಡ ಕಚೇರಿಗಳು ಬಂದವು, ಸಾಹೇಬರ ಮನೆಯವರ ಜಂಪರುಗಳೂ ಬಂದವು. ನಲ್ಲಿ ಮಾತ್ರ ಮನಸ್ಸು ಬಂದಾಗ ಬರುತ್ತಿತ್ತು. ಬಂದ ದಿನ ರಮಜಾನಬಿ ಉಣ್ಣುವುದನ್ನೂ ಬಿಟ್ಟು ತುಂಬುತ್ತಿದ್ದರು. ಡ್ರಮ್ಮಿನ ಬಾಯಿಗೆ ತೆಳು ಅರಿವೆ ಕಟ್ಟಿರುತ್ತಿದ್ದರು. ಅದರೊಳಗೆ ತಂಬಿಗೆ ಮುಳುಗಿದರೆ ನೆರೆಮನೆಯಲ್ಲಿದ್ದರೂ ಅವರಿಗೆ ಕೇಳುತ್ತಿತ್ತು.

ಅಂಥ ಮನೆಗೆ ಸಾಬರು ಗಾಜಿನ ಬರಣಿಯಲ್ಲಿ ಒಂದು ಬೆಟ್ಟಾ ಮೀನು ತಂದರು. ನೀಲಿ ಮೈ, ಮೈಗಿಂತ ಉದ್ದನೆಯ ನೆರಿಗೆಯ ಬಾಲ. ಹೆಸರು ಮಖಮಲ್.

"ಇಂಥಾ ಅರಿವಿ ನನ್ನ ಕತ್ತರಿಗೆ ಒಮ್ಮೆನೂ ಸಿಕ್ಕಿಲ್ಲ ನೋಡು," ಎಂದರು.

"ನಮಗ ಕುಡಿಯಾಕ ಇಲ್ಲ, ಇದಕ್ಕ ಈಸಾಡಾಕ ಬೇಕು," ಎಂದರು ರಮಜಾನಬಿ. "ಒಂದು ಬರಣಿ ಕೊಟ್ಟೀನಿ. ಮತ್ತ ಕೇಳಬ್ಯಾಡ್ರಿ."

ಸಾಬರು ಮತ್ತೆ ನೀರು ಕೇಳಲಿಲ್ಲ. ನೀರು ಮಬ್ಬಾಯಿತು. ಬಾಲದ ಅಂಚು ಕಪ್ಪಾಗಿ, ಎಳೆ ಬಿಚ್ಚಿದ ಸೆರಗಿನಂತೆ ಹರಿಯತೊಡಗಿತು. ಮಖಮಲ್ ತಳ ಹಿಡಿದು ಕೂತಿತು, ಕಾಳು ಹಾಕಿದರೂ ಬಾಯಿ ತೆರೆಯಲಿಲ್ಲ. ಗಾಯಕ್ಕೆ ಒಳ್ಳೆಯದೆಂದು ಸಾಬರು ಒಂದು ಚಿಟಿಕೆ ಅರಿಶಿಣ ಹಾಕಿದರು.

"ಸಾರು ಮಾಡಾಕ ಹತ್ತೀರೇನು?" ಎಂದು ರಮಜಾನಬಿ ಒಳಗಿನಿಂದಲೇ ಕೇಳಿದರು. "ಖಾರಾ ಕೊಡ್ಲ್ಯಾ?"

ಸಾಬರು ಬರಣಿ ಎದೆಗವಚಿಕೊಂಡು ಆಟೋ ಹತ್ತಿದರು. ಗದಗದಲ್ಲಿ ಬಣ್ಣದ ಮೀನು ಮಾರುವ ಖಾಸಿಂಸಾಬ ನೋಡಿ ಹಣೆ ಚಚ್ಚಿಕೊಂಡ.

"ಚಾಚಾ, ಇದು ರೆಕ್ಕಿ ಕೊಳಿಯೋ ಬ್ಯಾನಿ. ಹೊಲಸ ನೀರಿಂದ ಬರತೈತಿ. ಮೊದಲ ಈ ಅರಿಶಿಣ ತಗೀರಿ. ಆಮ್ಯಾಲೆ ದಿನಾ ಒಂದಿಷ್ಟು ಹಳೇ ನೀರು ಚೆಲ್ಲಿ, ಅಷ್ಟ ಚೊಲೋ ನೀರು ಹಾಕ್ರಿ. ನಲ್ಲಿ ನೀರು ಬಂದಕೂಡ್ಲೆ ಹಾಕಬ್ಯಾಡ್ರಿ, ಬ್ಲೀಚಿಂಗ್ ಇರತೈತಿ. ಇಟ್ಟು ಹಳೇದಾದ ನೀರು ಬೇಕು. ಅದಕ್ಕೂ ಬಗ್ಗಲಿಲ್ಲಂದ್ರ ಔಷಧ ನೋಡೋಣು."

ಇಟ್ಟು ಹಳೇದಾದ ನೀರು ಯಾರ ಹತ್ತಿರ ಇದೆಯೆಂದು ಸಾಬರಿಗೆ ಗೊತ್ತಿತ್ತು. ಕೇಳುವ ಧೈರ್ಯ ಇರಲಿಲ್ಲ.

ಅವರ ಜಳಕಕ್ಕೆಂದು ದಿನಕ್ಕೊಂದು ಸಣ್ಣ ಬಕೆಟ್ಟು ಡ್ರಮ್ಮಿನಿಂದ ಬರುತ್ತಿತ್ತು. ಮರುದಿನದಿಂದ ಬರಣಿಯನ್ನು ಟವೆಲ್ಲಿನಲ್ಲಿ ಸುತ್ತಿ ಬಚ್ಚಲಿಗೆ ಒಯ್ಯತೊಡಗಿದರು. ಮೀನಿಗೆ ಬೇಕಾದಷ್ಟು ಹಾಕಿ, ನಾಳೆ ಏನೋ ಎಂತೋ ಎಂದು ಮಿಕ್ಕದ್ದನ್ನು ಕ್ಯಾನಿಗೆ ತುಂಬಿ ಹೊಲಿಗೆ ಮಷಿನ್ನಿನ ಕೆಳಗೆ ಅಡಗಿಸಿಡುತ್ತಿದ್ದರು. ತಾವು ಒದ್ದೆ ಟವೆಲ್ಲಿನಿಂದ ಮೈ ಒರೆಸಿಕೊಂಡು, ಅತ್ತರು ಹಚ್ಚಿ, ಚಳಿಯಾದವರಂತೆ ಉಸ್ ಎನ್ನುತ್ತ ಹೊರಬರುತ್ತಿದ್ದರು. ದಿನ ಕಳೆದಂತೆ ಅತ್ತರು ಹೆಚ್ಚಾಯಿತು. ಜಂಪರ್ ಒಯ್ಯಲು ಬಂದ ವಿಮಲಾಬಾಯಿ ಹೊಸ್ತಿಲಲ್ಲೇ ನಿಂತು, "ಸಾಬರ, ಮನ್ಯಾಗ ಮದಿವಿ ಐತೇನ್ರಿ?" ಎಂದರು.

ಅಂದು ಮಧ್ಯಾಹ್ನ ರಮಜಾನಬಿ ಬಚ್ಚಲಿನ ಸಾಬೂನು ತಂದು ಮಷಿನ್ನಿನ ಮೇಲಿಟ್ಟರು.

"ಇದರ ಮ್ಯಾಲಿನ ಅಕ್ಷರ ಇನ್ನೂ ಅಳಿಸಿಲ್ಲಲ್ರಿ. ದಿನಾ ಎದರಿಂದ ಜಳಕಾ ಮಾಡ್ತೀರಿ?"

ಸಾಬರು ಗಾಲಿ ನಿಲ್ಲಿಸಿದರು. "ನಿನ್ನ ಡ್ರಮ್ಮಿನ ನೀರ ಬೇಕಂತ ಈ ಮೀನಿಗೆ. ಹಳೇದಾದ ನೀರು. ಇಲ್ಲಂದ್ರ ಅದು..."

ರಮಜಾನಬಿ ಕನ್ನಡಕ ಹಾಕಿಕೊಂಡು ಬರಣಿಯ ಮುಂದೆ ಕೂತರು. ಮಖಮಲ್ ಮೇಲೆದ್ದು ಅವರನ್ನೇ ನೋಡಿತು. ಹರಿದ ಅಂಚಿನಲ್ಲಿ ಗಾಜಿನಂಥ ತೆಳು ಪೊರೆ ಮೂಡಿತ್ತು, ಬಣ್ಣ ಇನ್ನೂ ಬಂದಿರಲಿಲ್ಲ.

"ಹೊಸಾದು ಬಂದೈತಿ," ಎಂದರು. "ಹೊಲಿಗಿ ಕಾಣವಲ್ದು. ನಿಮಗಿಂತ ಇದು ಚೊಲೋ ಹೊಲೀತೈತಿ."

ಎದ್ದು ಹೋದರು. ತಂಬಿಗೆ ಮುಳುಗಿದ ಸದ್ದಾಯಿತು. ತುಂಬಿದ ತಂಬಿಗೆಯನ್ನು ಬರಣಿಯ ಪಕ್ಕಕ್ಕಿಟ್ಟು, "ಇದು ಅದರದ್ದು," ಎಂದರು. ಹಿಂದೆಯೇ ದೊಡ್ಡ ಬಕೆಟ್ಟು ಬಂತು, ತುಳುಕುವಷ್ಟು.

"ಇದು ನಿಮ್ಮದು. ಬಾಗಲಾ ಹಾಕ್ಕೋರಿ. ನಾ ಹೊರಗ ಸಪ್ಪಳಾ ಕೇಳ್ಕೋಂತ ನಿಂದರತೀನಿ."

ಸಾಬರು ತಲೆಯ ಮೇಲೆ ಎತ್ತಿ ಎತ್ತಿ ಸುರಿದುಕೊಂಡರು, ಓಣಿಗೆಲ್ಲ ಕೇಳುವ ಹಾಗೆ.